ಕಪ್ಪು ಫೋಟೊದೊಳಗಿನ ಆಮೆ

ಶೀನ ಮೊಬೈಲ್ ಮುಂದೆ ಹಿಡಿದ. ಪರದೆ ಪೂರ್ತಿ ಕಪ್ಪು.

"ಏನೋ ಇದು?" ಅಂದೆ.

"ಆಮೆ."

"ಎಲ್ಲಿದೆ?"

"ಮಧ್ಯದಲ್ಲಿ. ಸರಿಯಾಗಿ ನೋಡು."

ನಾಗು ಮೊಬೈಲ್ ಇಸ್ಕೊಂಡು, ಕನ್ನಡಕ ಹಣೆಗೇರಿಸಿ, ಮೂಗಿನ ತುದಿಗೆ ಹಿಡಿದು ನೋಡಿದ. "ನಿನ್ನ ಹೆಬ್ಬೆಟ್ಟಿನ ಗುರುತು ಚೆನ್ನಾಗಿ ಬಂದಿದೆ. ಅದನ್ನೇ ಆಮೆ ಅಂದ್ಕೋಬೇಕಾ?"

ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಋಷಿಕುಲ್ಯಾ ನದಿ ಸಮುದ್ರ ಸೇರುವ ಕಡೆ ಮೂರು ರಾತ್ರಿ ಕಾದು ಬಂದ ಮನುಷ್ಯ ತಂದದ್ದು ಇದೊಂದೇ ಫೋಟೊ. ಆಲಿವ್ ರಿಡ್ಲಿ ಆಮೆಗಳು ಫೆಬ್ರವರಿ, ಮಾರ್ಚ್ ಹೊತ್ತಿಗೆ ಅಲ್ಲಿ ಸಾವಿರಗಟ್ಟಲೆ, ಕೆಲವು ವರ್ಷ ಲಕ್ಷಗಟ್ಟಲೆ ದಡ ಹತ್ತುತ್ತವೆ. ಈ ಜಾತ್ರೆಗೆ ಅರಿಬಾಡಾ ಅಂತ ಸ್ಪ್ಯಾನಿಷ್ ಹೆಸರು. ಜಾತ್ರೆ ಯಾವ ದಿನ ಅಂತ ಮಾತ್ರ ಯಾವ ಪಂಚಾಂಗದಲ್ಲೂ ಇಲ್ಲ. ಮೊದಲೆರಡು ರಾತ್ರಿ ಶೀನ ಮರಳು ನೋಡಿದ.

"ಫ್ಲ್ಯಾಶ್ ಹಾಕೋಕೇನಾಗಿತ್ತು ನಿಂಗೆ?" ನಾಗು ಬಿಡಲಿಲ್ಲ.

"ಬಿಳಿ ಬೆಳಕು ಕಂಡ್ರೆ ಮೊಟ್ಟೆ ಇಡದೇ ವಾಪಸ್ ಹೋಗಿಬಿಡುತ್ತೆ ಕಣೋ. ಟಾರ್ಚ್ ಇಲ್ಲ, ಓಡಾಟ ಇಲ್ಲ, ಮಾತಿಲ್ಲ. ಕರ್ಕೊಂಡು ಹೋದವನ ಹತ್ರ ಮಾತ್ರ ಮಂದವಾದ ಕೆಂಪು ದೀಪ."

"ಮಾತಿಲ್ಲ ಅಂದ್ರೆ? ಎಷ್ಟು ಹೊತ್ತು?" ಪದ್ದಿ ಕಣ್ಣರಳಿಸಿದಳು.

"ಮೂರು ಗಂಟೆ."

"ನೀನು? ಮೂರು ಗಂಟೆ? ಆಮೆ ಬಿಡು, ಅದನ್ನ ವಿಡಿಯೊ ಮಾಡಬೇಕಿತ್ತು."

ಶೀನ ಸೋಲಲಿಲ್ಲ. ಅದೇ ಒಡಿಶಾದ ಗಹಿರ್ಮಠಾ 1997ರಿಂದ ಸಮುದ್ರ ಅಭಯಾರಣ್ಯ. ಅದರ ಪಕ್ಕದಲ್ಲೇ ಕ್ಷಿಪಣಿ ಪರೀಕ್ಷೆ ನಡೆಯುವ ಅಬ್ದುಲ್ ಕಲಾಂ ದ್ವೀಪ. ಆಮೆಗಳ ಕಾಲ ಬಂತು ಅಂದ್ರೆ ಅಲ್ಲಿನ ದೀಪಗಳಿಗೂ ಮರೆ ಕಟ್ಟುತ್ತಾರೆ. "ಕ್ಷಿಪಣಿ ಹಾರಿಸೋರೇ ದೀಪ ಸಣ್ಣ ಮಾಡ್ಕೋತಾರೆ. ನನ್ನ ಮೊಬೈಲ್ ಯಾವ ಲೆಕ್ಕ?"

ಆಮೇಲೆ ಅವನಿಗೆ ವರ್ಣನೆಯ ಹುಕಿ ಬಂತು. ಆಮೆ ಹಿಂಗಾಲಿನಿಂದಲೇ ಗುಂಡಿ ತೋಡುತ್ತದಂತೆ, ಒಂದು ಸಲವೂ ಹಿಂದೆ ತಿರುಗದೆ. ಒಂದು ಕಾಲು ಒಳಗಿಳಿದು, ಅಂಗೈ ಹಾಗೆ ಮಡಚಿ, ಒಂದು ಬೊಗಸೆ ಮರಳು ಎತ್ತಿ ಪಕ್ಕಕ್ಕಿಡುತ್ತೆ. ಆಮೇಲೆ ಇನ್ನೊಂದರ ಸರದಿ. ಒಂದೂವರೆ ಅಡಿ ಆಳ; ಕಂಠ ಸಣ್ಣದು, ಹೊಟ್ಟೆ ದೊಡ್ಡದು, ಥೇಟ್ ಬಿಂದಿಗೆ. ಮೊಟ್ಟೆ ಬೀಳೋಕೆ ಶುರುವಾದ ಮೇಲಷ್ಟೇ, ಅದೂ ಹಿಂದಿನಿಂದ, ಹತ್ತಿರ ಬನ್ನಿ ಅಂತ ಸನ್ನೆ ಮಾಡಿದರಂತೆ. ಎರಡು, ಮೂರು, ಮತ್ತೆ ಎರಡು. ಲೋಳೆ ಹಚ್ಚಿದ ಟೇಬಲ್ ಟೆನಿಸ್ ಚೆಂಡುಗಳು. ಚಿಪ್ಪು ತೊಗಲಿನ ಹಾಗೆ ಮೆತ್ತಗಿರೋದರಿಂದ ಬಿದ್ದರೂ ಒಡೆಯಲ್ಲ.

"ಎಣಿಸಿದ್ಯಾ?"

"ಎಂಬತ್ತರ ತನಕ. ಅಷ್ಟೊತ್ತಿಗೆ ಪಕ್ಕದ ಆಮೆ ನನ್ನ ಮುಖಕ್ಕೆ ಮರಳು ಎರಚ್ತು. ಒಂದು ಸಲಕ್ಕೆ ನೂರರ ಮೇಲೆ ಇಡ್ತವಂತೆ. ಪಾಪ, ಕಣ್ಣಲ್ಲಿ ಧಾರಾಕಾರ ನೀರು."

"ನೋವಿಗೆ ಅಂದ್ಕೊಂಡ್ಯಾ? ಕುಡಿದ ಸಮುದ್ರದ ಉಪ್ಪನ್ನ ಕಣ್ಣಿನ ಹತ್ತಿರದ ಗ್ರಂಥಿಯಿಂದ ಹೊರಗೆ ಹಾಕೋದದು. ನೀರಲ್ಲಿದ್ದಾಗಲೂ ಹಾಕುತ್ತೆ, ನೋಡೋಕೆ ನೀನಿರಲ್ಲ ಅಷ್ಟೆ," ಅಂದಳು ಪದ್ದಿ. "ಅದಿರಲಿ, ಗಂಡ ಎಲ್ಲಿದ್ದ?"

"ಸಮುದ್ರದಲ್ಲಿ. ಮರಿಯಾಗಿದ್ದಾಗ ನೀರಿಗಿಳಿದ ಗಂಡು ಸಾಮಾನ್ಯವಾಗಿ ಮತ್ತೆ ದಡ ಹತ್ತೋದೇ ಇಲ್ಲ."

ನಾಗು ಸಣ್ಣಗೆ ನಿಟ್ಟುಸಿರು ಬಿಟ್ಟ. ಪದ್ದಿ ಅವನನ್ನೇ ನೋಡಿದಳು. ಅವನು ಉಸಿರು ವಾಪಸ್ ತಗೊಂಡ.

ಅಸಲು ತಮಾಷೆ ಆಮೇಲಿನದು. ಗುಂಡಿ ಮುಚ್ಚಿದ ಮೇಲೆ ಆಮೆ ಮೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎತ್ತಿ ಕುಕ್ಕಿ, ಮರಳಿಗೆ ದಮ್ಮಸು ಹಾಕುತ್ತೆ. ಬಾಯಲ್ಲಿ ಹೇಳಿದರೆ ನಮಗೆ ತಿಳಿಯಲ್ಲ ಅಂತ ಶೀನ ಕುರ್ಚಿಯ ಮೇಲೇ ಮಾಡಿ ತೋರಿಸಿದ. ಧಪ್, ಧಪ್. ಆಮೆ ನಲವತ್ತು ಚಿಲ್ಲರೆ ಕೆಜಿ, ಶೀನ ಎಂಬತ್ತೆಂಟು. ಮೂರನೇ ಧಪ್‌ಗೆ ಕುರ್ಚಿಯ ಕಾಲು ಓರೆಯಾಯಿತು.

"ಇಷ್ಟೆಲ್ಲ ಮಾಡಿ ಅದು ಹೋಯ್ತಾ, ಇನ್ನೊಂದು ಬಂದು ಅದೇ ಜಾಗ ಅಗೆದು, ಇದರ ಮೊಟ್ಟೆ ಹೊರಗೆ ಹಾಕ್ತು!" ನಿಂತುಕೊಂಡೇ ಮುಂದುವರಿಸಿದ.

"ಒತ್ತುವರಿ," ಅಂದ ನಾಗು. "ಅಷ್ಟು ದೊಡ್ಡ ದಡದಲ್ಲಿ ಬೇರೆ ಜಾಗ ಇರಲಿಲ್ವಾ?"

ಗುಂಪಲ್ಲಿ ಬರೋದರಲ್ಲೇ ಲಾಭ ಇದೆ ಅಂತ ಎಲ್ಲೋ ಓದಿದ ನೆನಪಲ್ಲಿ ನಾನೂ ಬಾಯಿ ಹಾಕಿದೆ. ನಾಯಿ, ನರಿ, ಕಾಗೆ ಎಷ್ಟು ತಿಂದರೂ ಹೊಟ್ಟೆಗೊಂದು ಮಿತಿ ಇದೆಯಲ್ಲ, ಉಳಿದದ್ದು ಉಳಿಯುತ್ತೆ. ನೀರಿನೊಳಗಿನ ಕಷ್ಟ ಬೇರೆ. ಆಮೆಗೆ ಉಸಿರಾಡಲು ಮೇಲೆ ಬರಲೇಬೇಕು. ಟ್ರಾಲರ್ ಬಲೆಗೆ ಸಿಕ್ಕರೆ ಉಸಿರುಕಟ್ಟಿ ಸಾಯುತ್ತೆ. ಅದಕ್ಕೇ ನವೆಂಬರ್ 1ರಿಂದ ಮೇ 31ರ ತನಕ ಅಲ್ಲಿ ದಡದಿಂದ 20 ಕಿಲೋಮೀಟರ್‌ವರೆಗೆ ಮೀನುಗಾರಿಕೆಗೆ ನಿಷೇಧ. ವರ್ಷದಲ್ಲಿ ಏಳು ತಿಂಗಳು! ಟಾರ್ಚ್ ಆರಿಸಿದ್ದೇ ತ್ಯಾಗ ಅಂತ ನಾವು ಹೇಳ್ಕೊಂಡು ತಿರುಗೋ ಹಾಗಿಲ್ಲ.

"ಏನೇ ಅನ್ನು, ಎಲ್ಲಿ ಹುಟ್ಟಿತ್ತೋ ಅಲ್ಲಿಗೇ ಬರುತ್ತಲ್ಲ, ಹೆರಿಗೆಗೆ ತವರಿಗೆ ಬಂದ ಹಾಗೆ. ಭೂಮಿಯ ಕಾಂತಶಕ್ತಿ ಹಿಡಿದು ದಾರಿ ಕಂಡುಕೊಳ್ಳುತ್ತಂತೆ," ಅಂದ ಶೀನ. ನಾಗು ನಿಲ್ಲಿಸಿದ ಸ್ಕೂಟರನ್ನೇ ಅರ್ಧ ಗಂಟೆ ಹುಡುಕುವವನು, ಸುಮ್ಮನಿದ್ದ.

"ಎಲ್ಲವೂ ಅಷ್ಟು ನಿಷ್ಠೆ ಇಟ್ಕೊಂಡಿರಲ್ಲ," ಅಂದಳು ಪದ್ದಿ. "2021ರಲ್ಲಿ ಒಡಿಶಾದಲ್ಲಿ ಗುರುತಿನ ಬಿಲ್ಲೆ ಹಾಕಿದ ಆಮೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರ್‌ನಲ್ಲಿ ಮೊಟ್ಟೆ ಇಡ್ತಾ ಸಿಕ್ತು. ಪೂರ್ವ ಕರಾವಳಿ ಬಿಟ್ಟು ಪಶ್ಚಿಮಕ್ಕೆ!"

"ತವರಲ್ಲಿ ಜಗಳ ಆಗಿರಬೇಕು," ನಾಗು ತೀರ್ಪು ಕೊಟ್ಟ.

"ನಮ್ಮಜ್ಜಿ ಹೇಳೋರು, ಆಮೆ ಎಲ್ಲಿದ್ದರೂ ಮನಸ್ಸಲ್ಲೇ ನೆನೆದು ಮರಿಗಳನ್ನ ಪೊರೆಯುತ್ತೆ ಅಂತ," ಅಂದೆ ನಾನು.

"ಎಲ್ಲಿಯ ನೆನಪು? ನೀರಿಗಿಳಿದರೆ ಮುಗೀತು," ಅಂದ ಶೀನ. "ಕಾವು ಕೊಡೋದು ಬಿಸಿಲು. ಒಂದೂವರೆ ಎರಡು ತಿಂಗಳು. ಮರಳು ಜಾಸ್ತಿ ಬಿಸಿಯಾದರೆ ಹೆಣ್ಣು, ತಂಪಾಗಿದ್ದರೆ ಗಂಡು."

"ಕಡೆಗೆ ಅದು ನಿನ್ನ ಕಡೆ ಒಂದ್ಸಲವಾದರೂ ನೋಡ್ತಾ?" ನಾನು ಕೇಳಿದೆ.

ಶೀನ ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲ. ನನ್ನ ಪಕ್ಕದಲ್ಲೇ ತೆವಳಿಕೊಂಡು ಹೋಯ್ತು. ಒಂದು ಅಲೆ ಬಂತು, ಆಮೇಲೆ ಇರಲಿಲ್ಲ."

"ಲೇ, ಲೇ!" ನಾಗು ಇನ್ನೂ ಮೊಬೈಲ್ ಬಿಟ್ಟಿರಲಿಲ್ಲ. "ಇಲ್ಲೇನೋ ಹೊಳೀತಿದೆ. ಎಡಗಡೆ, ಮೂಲೇಲಿ!"

"ಅದೇ! ಅದೇ ಕಣ್ಣು! ನಾನು ಹೇಳಲಿಲ್ವಾ?" ಶೀನ ಹಾರಿ ಬಂದ.

ಪದ್ದಿ ಮೊಬೈಲ್ ತಗೊಂಡು ಸೆರಗಿನಿಂದ ಪರದೆ ಒರೆಸಿದಳು. ಆಮೆ ಹೋಯಿತು.