ನ್ಯಾನ್ಸಿ ಪೆಲೋಸಿ ಆಸ್ತಿ ಎಷ್ಟು ಅಂತ ಹೇಳೋದು ಹೇಗೆ?

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ, ದಾವಣಗೆರೆ):

ರಾಜ್ಯಶಾಸ್ತ್ರದ ಸೆಮಿನಾರ್‌ಗೆ ನನಗೆ ಅಮೆರಿಕ ಸಂಸತ್ತಿನ ಕೆಳಮನೆಯ ಸ್ಪೀಕರ್ ಆಗಿದ್ದ ನ್ಯಾನ್ಸಿ ಪೆಲೋಸಿ ವಿಷಯ ಬಂದಿದೆ. ಜೀವನ, ರಾಜಕೀಯ ಎರಡೂ ಬರೆದಾಯಿತು. ದುಡ್ಡಿನ ಭಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅವರ ಆಸ್ತಿ ಒಂದೊಂದು ಕಡೆ ಒಂದೊಂದು ಮೊತ್ತ ಇದೆ, ನಡುವೆ ಕೋಟಿಗಟ್ಟಲೆ ಡಾಲರ್ ವ್ಯತ್ಯಾಸ. ಅಲ್ಲಿನ ಸಂಸದರ ಸಂಬಳ ವರ್ಷಕ್ಕೆ 1,74,000 ಡಾಲರ್ ಅಷ್ಟೇ, 2009ರಿಂದ ಏರಿಲ್ಲ. ಹಾಗಾದರೆ ಇಷ್ಟು ಆಸ್ತಿ ಎಲ್ಲಿಂದ? ನಮ್ಮ ಮಾವ ಅಂತೂ "ಎಲ್ಲಾ ಕಡೆ ಒಂದೇ ಕಥೆ ಬಿಡು" ಅಂದುಬಿಟ್ಟರು. ನನಗೆ ಹಾಗೆ ಬಿಡೋಕೆ ಮನಸ್ಸಿಲ್ಲ.

ಉತ್ತರ (ಹರಿಹರ):

ಗಂಡನ ಕಡೆಯಿಂದ. ಪಾಲ್ ಪೆಲೋಸಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಿಯಲ್ ಎಸ್ಟೇಟ್, ಷೇರು ವ್ಯವಹಾರ ಮಾಡುವವರು. ನ್ಯಾನ್ಸಿ ಸಂಸತ್ತಿಗೆ ಬಂದಿದ್ದೇ ತಡವಾಗಿ. ಐದು ಮಕ್ಕಳನ್ನು ಬೆಳೆಸಿ, 1987ರ ಉಪಚುನಾವಣೆಯಲ್ಲಿ ಗೆದ್ದಾಗ ವಯಸ್ಸು 47. ಆದರೆ ರಾಜಕೀಯ ಹೊಸದಲ್ಲ. ಅಪ್ಪ ಸಂಸದರಾಗಿದ್ದು ಆಮೇಲೆ ಬಾಲ್ಟಿಮೋರ್ ಮೇಯರ್ ಆದವರು, ಅಣ್ಣನೂ ಮೇಯರ್ ಆಗಿದ್ದರು.

ಉತ್ತರ (ಅಫಿಡವಿಟ್ ಬರೆಯುವವ, ಚಿತ್ರದುರ್ಗ):

ತಂಗಿ, ಇದಕ್ಕೆ ನಾನು ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ. ಕೋರ್ಟ್ ಹತ್ತಿರ ಕೂತು ಅಫಿಡವಿಟ್ ತಯಾರು ಮಾಡೋದೇ ನನ್ನ ಕೆಲಸ. ಚುನಾವಣೆ ಬಂದರೆ ಅಭ್ಯರ್ಥಿಗಳು ಆಸ್ತಿ ವಿವರ ಕೊಡುವ ಫಾರಂ 26 ಮಾಡಿಸೋಕೆ ನಮ್ಮಲ್ಲಿಗೆ ಬರುತ್ತಾರೆ. ಅದರಲ್ಲಿ ರೂಪಾಯಿ ಲೆಕ್ಕ ಬೇಕು. ಜಮೀನಾದರೆ ಸರ್ವೆ ನಂಬರ್, ಎಕರೆ, ಈಗಿನ ಮಾರುಕಟ್ಟೆ ಬೆಲೆ. ಹೆಂಡತಿಯ ಬಂಗಾರ ಎಷ್ಟು ಗ್ರಾಂ ಅಂತ ಕೇಳಿದರೆ ಅಲ್ಲೇ ನಿಂತು ಮನೆಗೆ ಫೋನ್ ಮಾಡುತ್ತಾರೆ. ಯಾವ ಕಾಲಮ್ಮೂ ಖಾಲಿ ಬಿಡುವಂತಿಲ್ಲ, ಏನೂ ಇಲ್ಲದಿದ್ದರೆ 'ಇಲ್ಲ' ಅಂತಲಾದರೂ ಬರೆಯಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ.

ಅಮೆರಿಕದ ಫಾರಂ ಹೀಗಿಲ್ಲ. ಅಲ್ಲಿ ನಿಖರ ಮೊತ್ತ ಬರೆಯೋದಿಲ್ಲ, ಇಷ್ಟರಿಂದ ಇಷ್ಟರವರೆಗೆ ಅನ್ನುವ ಚೌಕಕ್ಕೆ ಟಿಕ್ ಹಾಕುತ್ತಾರೆ. 10 ಲಕ್ಷದಿಂದ 50 ಲಕ್ಷ ಡಾಲರ್ ಒಂದು ಚೌಕ. ಅದರ ಮುಂದಿನದು 50 ಲಕ್ಷದಿಂದ 2.5 ಕೋಟಿ. ಪೆಲೋಸಿ ದಂಪತಿಗೆ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ದ್ರಾಕ್ಷಿ ತೋಟ ಇದೆ. ಅದು ಈ ಎರಡನೇ ಚೌಕದಲ್ಲಿ ಕೂತಿದೆ, ದ್ರಾಕ್ಷಿ ಮಾರಿದ ಆದಾಯ ಪಕ್ಕದ ಕಾಲಮ್ಮಿನಲ್ಲಿ. ಆ ಒಂದು ಸಾಲಿನಲ್ಲೇ 2 ಕೋಟಿ ಡಾಲರ್ ಅಂತರ! ಇಂಥ ಸಾಲು ಐದಿದ್ದರೆ ಕೆಳಗಿನ ತುದಿ ಕೂಡಿಸಿದವನಿಗೆ 2.5 ಕೋಟಿ ಬರುತ್ತೆ, ಮೇಲಿನ ತುದಿ ಕೂಡಿಸಿದವನಿಗೆ 12.5 ಕೋಟಿ. ನೀವು ನೋಡಿದ ಬೇರೆ ಬೇರೆ ಮೊತ್ತ ಹುಟ್ಟಿದ್ದು ಹೀಗೆ. ಬಾಡಿಗೆಗೆ ಕೊಡದ ಸ್ವಂತ ವಾಸದ ಮನೆಯನ್ನಂತೂ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕಾಗಿಯೇ ಇಲ್ಲ.

ಇಷ್ಟು ಓದಿ ಅವರದ್ದು ಸಡಿಲ, ನಮ್ಮದೇ ಬಿಗಿ ಅಂದುಕೊಳ್ಳಬೇಡಿ. ನಮ್ಮ ಅಫಿಡವಿಟ್ ಚುನಾವಣೆಗೆ ನಿಂತಾಗ ಮಾತ್ರ. ನಡುವಿನ ಐದು ವರ್ಷ ಏನಾಯಿತು ಅಂತ ಮತದಾರನಿಗೆ ಅದರಿಂದ ಗೊತ್ತಾಗೋದಿಲ್ಲ. ನಮ್ಮ ಶಾಸಕರು ವರ್ಷಕ್ಕೊಮ್ಮೆ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ವಿವರ ಕೊಡಬೇಕು, ಸರಿ, ಆದರೆ ಅದನ್ನು ಎಷ್ಟು ಜನ ನೋಡಿದ್ದಾರೆ? ಅಮೆರಿಕದಲ್ಲಿ ಪ್ರತಿ ವರ್ಷದ ವರದಿ ಸಾರ್ವಜನಿಕ. ಜೊತೆಗೆ 2012ರ ಸ್ಟಾಕ್ ಕಾಯ್ದೆ ಪ್ರಕಾರ 1,000 ಡಾಲರ್‌ಗಿಂತ ಜಾಸ್ತಿಯ ಷೇರು ಕೊಂಡರೂ ಮಾರಿದರೂ 45 ದಿನದೊಳಗೆ ಹೇಳಬೇಕು. ಗಂಡ ಮಾಡಿದರೂ ಹೇಳಬೇಕು. ಪೆಲೋಸಿ ವರದಿಗಳಲ್ಲಿ ಷೇರಿನ ಸಾಲಿನ ಮುಂದೆ 'ಎಸ್‌ಪಿ' ಅಂತ ಇರುತ್ತೆ. ಅಂದರೆ ಗಂಡನ ಹೆಸರಿನದು.

ಒಂದು ಉದಾಹರಣೆ ನೋಡಿ. 2022ರ ಜುಲೈ ಕೊನೆಯಲ್ಲಿ ಪಾಲ್ ಪೆಲೋಸಿ ಎನ್ವಿಡಿಯಾ ಅನ್ನುವ ಕಂಪ್ಯೂಟರ್ ಚಿಪ್ ಕಂಪನಿಯ 25,000 ಷೇರು ಮಾರಿದರು. ನಷ್ಟ ಸುಮಾರು 3.41 ಲಕ್ಷ ಡಾಲರ್. ಅದೇ ವಾರ ಹೆಂಡತಿ ಸ್ಪೀಕರ್ ಆಗಿದ್ದ ಸದನದಲ್ಲಿ ಚಿಪ್ ಕಂಪನಿಗಳಿಗೆ ಸಹಾಯಧನ ಕೊಡುವ ಮಸೂದೆ ಮತಕ್ಕೆ ಬಂದಿತ್ತು. ನಷ್ಟವೇ ಆಗಿರಲಿ, ಲಾಭವೇ ಆಗಿರಲಿ, ಇದು ಜನರಿಗೆ ಗೊತ್ತಾಯಿತಲ್ಲ, ಅದು ನನಗೆ ದೊಡ್ಡದು. ನಮ್ಮಲ್ಲಿ ಇಂಥ ಒಂದು ಸಾಲು ಹುಡುಕಬೇಕಾದರೆ ಮುಂದಿನ ಚುನಾವಣೆವರೆಗೆ ಕಾಯಬೇಕು. ನಾನೇ ತಯಾರು ಮಾಡಿದ ಅಫಿಡವಿಟ್ ಆದರೂ ಅಷ್ಟೇ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್ ಅಣ್ಣ. ಆದರೆ ಸದನದ ಮುಖ್ಯಸ್ಥರ ಗಂಡ ಷೇರು ವ್ಯವಹಾರ ಮಾಡೋದೇ ಸರಿನಾ? ಮೇಷ್ಟ್ರು ಇದನ್ನು ಕೇಳೇ ಕೇಳುತ್ತಾರೆ.

ಉತ್ತರ (ಅಫಿಡವಿಟ್ ಬರೆಯುವವ, ಚಿತ್ರದುರ್ಗ):

2012ರ ಕಾಯ್ದೆ ಅದನ್ನು ತಡೆಯೋದಿಲ್ಲ. ಹುದ್ದೆಯಿಂದ ಸಿಕ್ಕ ಒಳಗಿನ ಸುದ್ದಿ ಹಿಡಿದು ವ್ಯವಹಾರ ಮಾಡಬಾರದು ಅನ್ನುತ್ತೆ, ಅಷ್ಟೇ. ವರದಿ ತಡವಾದರೆ ದಂಡ 200 ಡಾಲರ್, ಅವರಿಗೆ ಅದು ಲೆಕ್ಕಕ್ಕೇ ಇಲ್ಲ. ಷೇರು ವ್ಯವಹಾರವನ್ನೇ ನಿಷೇಧಿಸಿ ಅಂತ ಕೂಗು ಎದ್ದಾಗ 2021ರ ಡಿಸೆಂಬರ್‌ನಲ್ಲಿ ಪೆಲೋಸಿ ಒಪ್ಪಲಿಲ್ಲ, ಇದು ಮುಕ್ತ ಮಾರುಕಟ್ಟೆ ಅಂದರು. ಎರಡೇ ತಿಂಗಳಲ್ಲಿ ಪಟ್ಟು ಸಡಿಲಿಸಿದರು. ನನ್ನನ್ನು ಕೇಳಿದರೆ ಕುರ್ಚಿಯಲ್ಲಿ ಇರುವಷ್ಟು ದಿನ ಗಂಡ ಹೆಂಡತಿ ಇಬ್ಬರೂ ಷೇರಿನಿಂದ ದೂರ ಇರಬೇಕಿತ್ತು. ಆರೋಗ್ಯ ವಿಮೆ ಕಾಯ್ದೆಯನ್ನು 2010ರಲ್ಲಿ ಒಂದೊಂದೇ ಓಟು ಕೂಡಿಸಿ ಪಾಸು ಮಾಡಿಸಿದ ಗಟ್ಟಿ ಹೆಂಗಸು ಅವರು. ಈ ವಿಷಯ ಅವರ ಹೆಸರಿಗೆ ಅಂಟಿಕೊಂಡಿತಲ್ಲ ಅಂತ ನನಗೆ ಬೇಜಾರಿದೆ.

ಮತ್ತೆ ನೋಡಮ್ಮ, ಸೆಮಿನಾರ್‌ನಲ್ಲಿ ಒಂದೇ ಮೊತ್ತ ಹೇಳಬೇಡ. ಕೆಳಗಿನ ತುದಿ, ಮೇಲಿನ ತುದಿ ಎರಡೂ ಹೇಳು, ಯಾವ ವರ್ಷದ ವರದಿ ಅಂತಲೂ ಹೇಳು. 2026ರಲ್ಲಿ ಮತ್ತೆ ನಿಲ್ಲೋದಿಲ್ಲ ಅಂತ 2025ರ ನವೆಂಬರ್‌ನಲ್ಲಿ ಅವರು ಹೇಳಿದ್ದನ್ನೂ ಸೇರಿಸಿಕೋ.