ಸಹಾಯ ಬೇಕು: ಓಲೆಯ ರಿಂಗ್ ಬಾಯಿ ಬಿಡ್ತಿದೆ

ನಮಸ್ಕಾರ. ಬಿಡುವು ಸಿಕ್ಕಾಗ ತಾಮ್ರದ ತಂತಿ, ಗಾಜಿನ ಮಣಿ ಹರಡಿಕೊಂಡು ಕೂರೋದು ನನ್ನ ಹುಚ್ಚು. ಮೊನ್ನೆ ಅಕ್ಕನಿಗೆ ಮಾಡಿಕೊಟ್ಟ ಓಲೆ ಎರಡೇ ದಿನಕ್ಕೆ ಕೈಕೊಟ್ಟಿತು. ಜಂಪ್ ರಿಂಗ್ (ಮಣಿ ತೂಗುಹಾಕೋ ಪುಟ್ಟ ತಂತಿ ಬಳೆ) ಬಾಯಿ ಬಿಟ್ಟು ನೀಲಿ ಮಣಿ ಎಲ್ಲೋ ಉದುರಿಹೋಗಿದೆ. "ಒಂದೇ ಕಿವಿಗೆ ಹಾಕ್ಕೊಳ್ಲಾ?" ಅಂತ ಅವಳ ತಮಾಷೆ ಬೇರೆ.

ರಿಂಗ್ ಮಾಡಿದ್ದು 24 ಗೇಜ್, ಅಂದ್ರೆ ಸುಮಾರು 0.5 ಮಿ.ಮೀ. ತಂತಿಯಲ್ಲಿ. ಎರಡು ಇಕ್ಕಳ ಹಿಡಿದು, ಎಳೆದು ಅಗಲಿಸದೆ ಪಕ್ಕಕ್ಕೆ ತಿರುಗಿಸಿಯೇ ಮುಚ್ಚಿದ್ದೆ. ಆದರೂ ಉಗುರಲ್ಲಿ ಒತ್ತಿದರೆ ಸಂದು ಕಾಣುತ್ತೆ. ಇದಕ್ಕಿಂತ ದಪ್ಪ ಇರೋ 20 ಗೇಜ್ ಗಟ್ಟಿ ನಿಲ್ಲುತ್ತೆ, ಆದರೆ ಈ ಮಣಿಯ ತೂತಿಗೆ ತೂರಲ್ಲ.

ತಂತಿಯನ್ನ ಮೊದಲೇ ತಿರುಚಿ ಬಿಗಿ ಮಾಡಿಕೊಂಡು ಸುತ್ತಿದ್ರೆ ಸಾಕಾ, ಬೆಸುಗೆ ಹಾಕಲೇಬೇಕಾ? ಬಿಸಿಗೆ ಗಾಜು ಸೀಳುತ್ತೇನೋ ಅಂತ ಭಯ. ಮಾಡಿ ನೋಡಿದವರು ಹೇಳಿ, ಫೋಟೋ ಇದ್ರೆ ಇನ್ನೂ ಒಳ್ಳೇದು.