ಎಎಫ್ ಇರುವವರ ಕೈ ಹತ್ತು ನಿಮಿಷ ಸ್ವಾಧೀನ ತಪ್ಪಿ ಸರಿಹೋಗಿದೆ: ಮುಂದಿನ ವಾರದವರೆಗೆ ಕಾಯಬಹುದೇ?

ಹೊಂಗೆನೆರಳು (ಪ್ರಶ್ನೆ)

ಮನೆಯ ಹಿರಿಯರು, ಗಂಡಸು, ವಯಸ್ಸು 71, ತೂಕ 68 ಕೆ.ಜಿ. ಏಟ್ರಿಯಲ್ ಫಿಬ್ರಿಲೇಷನ್ (ಎಎಫ್, ಹೃದಯದ ಮಿಡಿತದ ಲಯ ತಪ್ಪುವ ತೊಂದರೆ) ಇದೆ, ಆಗಾಗ ಬಂದು ತಾನಾಗಿ ಹೋಗುವ ಬಗೆಯದು. ಬಿಪಿ ಇದೆ, ಸಕ್ಕರೆ ಕಾಯಿಲೆ ಇಲ್ಲ. ಮೂತ್ರಪಿಂಡದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.0. ರಕ್ತ ಹೆಪ್ಪುಗಟ್ಟದಂತೆ ಅಪಿಕ್ಸಬಾನ್ 2.5 ಮಿ.ಗ್ರಾಂ ದಿನಕ್ಕೆರಡು ಸಲ, ಜೊತೆಗೆ ಮಿಡಿತ ನಿಧಾನಿಸುವ ಮೆಟೊಪ್ರೊಲಾಲ್.

ಇವತ್ತು ಬೆಳಿಗ್ಗೆ ಲೋಟ ಎತ್ತಲು ಹೋದಾಗ ಬಲಗೈ ಮಾತು ಕೇಳಲಿಲ್ಲ. ಕೈ ಎತ್ತಿದರೆ ಗುರಿ ತಪ್ಪಿ ಪಕ್ಕಕ್ಕೆ ಹೋಗುತ್ತಿತ್ತು, ಬೆರಳುಗಳಲ್ಲಿ ಹಿಡಿತವೇ ಇರಲಿಲ್ಲ. ನೋವಿಲ್ಲ, ನಡುಕವಿಲ್ಲ, ಮಾತು ಸರಿಯಿತ್ತು. ಸುಮಾರು ಹತ್ತು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಯಿತು. ಈಗ ಎರಡು ಗಂಟೆ ಕಳೆದಿದೆ. ಹೃದಯದ ಡಾಕ್ಟರ ಭೇಟಿ ಮುಂದಿನ ವಾರ ನಿಗದಿಯಾಗಿದೆ, ಅಲ್ಲಿಯವರೆಗೆ ಕಾಯಬಹುದೇ? ಅಷ್ಟರಲ್ಲಿ ಒಂದು ಆಸ್ಪಿರಿನ್ ಕೊಟ್ಟರೆ ಒಳ್ಳೆಯದೇ?

ನರಮಾರ್ಗ

ಎರಡೂ ಬೇಡ. ಇದನ್ನು ಓದುತ್ತಿರುವಾಗಲೇ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ. ಸ್ಟ್ರೋಕ್ ಚಿಕಿತ್ಸೆ ಮತ್ತು ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಲು ಹೇಳಿ. ಹಿರಿಯರು ತಾವೇ ವಾಹನ ಓಡಿಸಬಾರದು.

ಫೋನಿನಲ್ಲಿ ಹೇಳಬೇಕಾದದ್ದು ಇಷ್ಟು: ಎಎಫ್ ಇದೆ, ಬಲಗೈ ಹಠಾತ್ತಾಗಿ ಸ್ವಾಧೀನ ತಪ್ಪಿತ್ತು, ಇಷ್ಟು ಗಂಟೆಗೆ ಶುರುವಾಗಿ ಇಷ್ಟು ಗಂಟೆಗೆ ಸರಿಹೋಯಿತು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಕೊನೆಯ ಮಾತ್ರೆ ಇಷ್ಟು ಗಂಟೆಗೆ. ಈ ಕೊನೆಯ ಸಮಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮಾತ್ರೆಗಳ ಪಟ್ಟಿಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ದಾರಿಯಲ್ಲಿ ಮತ್ತೆ ಸ್ಟ್ರೋಕ್ ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದೇ ಎಂಬುದು ಇದರ ಮೇಲೆ ನಿಂತಿದೆ. ಲಕ್ಷಣ ಶುರುವಾಗಿ 4.5 ಗಂಟೆಯೊಳಗೆ ಕೊಡುವ ಇಂಜೆಕ್ಷನ್ ಅದು. ಕಳೆದ 48 ಗಂಟೆಯಲ್ಲಿ ಅಪಿಕ್ಸಬಾನ್ ನುಂಗಿದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ದೊಡ್ಡ ರಕ್ತನಾಳ ಕಟ್ಟಿದ್ದರೆ ತೊಡೆಸಂದಿಯಿಂದ ತಂತಿ ಹಾಯಿಸಿ ಹೆಪ್ಪು ಹೊರಗೆಳೆಯುವ ಚಿಕಿತ್ಸೆಗೆ ಆ ಮಾತ್ರೆ ಅಡ್ಡಿಯಲ್ಲ.

ಆಸ್ಪಿರಿನ್ ಯಾಕೆ ಬೇಡ ಅಂದರೆ, ಕೈ ಸ್ವಾಧೀನ ತಪ್ಪಿದ್ದು ಹೆಪ್ಪಿನಿಂದಲೋ ಮಿದುಳಿನ ರಕ್ತಸ್ರಾವದಿಂದಲೋ ಎಂದು ಸ್ಕ್ಯಾನ್ ಇಲ್ಲದೆ ಯಾರೂ ಹೇಳಲಾರರು. ರಕ್ತಸ್ರಾವವಿದ್ದರೆ ಈಗಾಗಲೇ ತೆಳುವಾಗಿರುವ ರಕ್ತಕ್ಕೆ ಇನ್ನೊಂದು ಪೆಟ್ಟು ಬೀಳುತ್ತದೆ. ಬಿಪಿ ಏರಿರುವುದು ಕಂಡರೂ ಮನೆಯಲ್ಲೇ ಹೆಚ್ಚುವರಿ ಮಾತ್ರೆ ಕೊಟ್ಟು ಇಳಿಸಬೇಡಿ. ನುಂಗುವುದು ಸರಿಯಿದೆಯೇ ಎಂದು ಆಸ್ಪತ್ರೆಯವರು ನೋಡುವವರೆಗೆ ಊಟ, ನೀರು ಬೇಡ. ಅಪಿಕ್ಸಬಾನ್‌ನ ಮುಂದಿನ ಡೋಸ್ ಯಾವಾಗ ಎಂಬುದನ್ನೂ ಅವರೇ ಹೇಳಲಿ.

"ಸರಿಹೋಯಿತಲ್ಲ" ಎಂಬ ಸಮಾಧಾನವೇ ಇಲ್ಲಿ ಅಪಾಯ. ನೀವು ಬರೆದದ್ದು ಟಿಐಎಯ, ಅಂದರೆ ಮಿನಿ ಸ್ಟ್ರೋಕ್‌ನ, ನೇರ ಚಿತ್ರ. ಅದರ ನಂತರ ದೊಡ್ಡ ಸ್ಟ್ರೋಕ್ ಬರುವ ಸಂಭವ ಮೊದಲ 48 ಗಂಟೆಯಲ್ಲೇ ಅತಿ ಹೆಚ್ಚು. ಬೇಗ ಚಿಕಿತ್ಸೆ ಶುರುವಾದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು 2007ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್‌ನ ಎಕ್ಸ್‌ಪ್ರೆಸ್ ಅಧ್ಯಯನ ತೋರಿಸಿತು: ಟಿಐಎ ಅಥವಾ ಸಣ್ಣ ಸ್ಟ್ರೋಕ್ ಆದವರಲ್ಲಿ 90 ದಿನದೊಳಗೆ ಮತ್ತೆ ಸ್ಟ್ರೋಕ್ ಆಗುವ ಪ್ರಮಾಣ ಸುಮಾರು ಶೇ. 10ರಿಂದ ಶೇ. 2ಕ್ಕೆ ಇಳಿಯಿತು. ಭೇಟಿಯ ದಿನಕ್ಕೆ ಕಾಯುವುದೆಂದರೆ ಆ ಲಾಭವನ್ನು ಕೈಯಾರೆ ಬಿಟ್ಟಂತೆ.

ಮಣಿಕಟ್ಟು

ನರಮಾರ್ಗ ಹೇಳಿದ್ದೇ ಮೊದಲು. ಮುಂದಿನದು ಆಸ್ಪತ್ರೆಯಲ್ಲಿ ಕಾಯುವಾಗ ಓದಿಕೊಳ್ಳಲು.

ಎಎಫ್‌ನಲ್ಲಿ ಹೃದಯದ ಮೇಲಿನ ಕೋಣೆ ಗಟ್ಟಿಯಾಗಿ ಸಂಕುಚಿಸದೆ ಬರೀ ಅದುರುತ್ತದೆ. ಎಡಗೋಣೆಗೆ ಅಂಟಿಕೊಂಡಿರುವ ಚಿಕ್ಕ ಚೀಲದಂಥ ಭಾಗದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಕವಾಟದ ಕಾಯಿಲೆ ಇಲ್ಲದ ಎಎಫ್‌ನಲ್ಲಿ ಸುಮಾರು ಶೇ. 90 ಹೆಪ್ಪುಗಳು ಹುಟ್ಟುವುದು ಅಲ್ಲೇ. ಅದರ ಚೂರು ಮಿದುಳಿನ ಎಡಭಾಗದ ಮಧ್ಯದ ಧಮನಿಯ ಕೊಂಬೆಗೆ ಹೋಗಿ ಸಿಕ್ಕಿಕೊಂಡರೆ ಬಲಗೈ ಕೈಕೊಡುತ್ತದೆ. ಮಿದುಳಿನ ಹೊರಪದರದಲ್ಲಿ ಕೈಗೆಂದೇ ಒಂದು ಪುಟ್ಟ ಉಬ್ಬಿದೆ, ಹಾಗಾಗಿ ಮುಖ, ಮಾತು, ಕಾಲು ಯಾವುದೂ ಕೆಡದೆ ಕೈಯೊಂದೇ ಕೆಡುವುದು ಸಾಧ್ಯ. ಮುಖ ಸೊಟ್ಟಗಾಗಲಿಲ್ಲ, ಆದ್ದರಿಂದ ಇದು ಸ್ಟ್ರೋಕ್ ಅಲ್ಲ ಎಂದು ಜನ ಮೋಸಹೋಗುವುದು ಇಲ್ಲೇ. ಹೆಪ್ಪು ತಾನಾಗಿ ಕರಗಿದರೆ ಅಥವಾ ಪುಡಿಯಾಗಿ ಮುಂದೆ ಸರಿದರೆ ಕೈ ಮರಳುತ್ತದೆ. ಹೆಪ್ಪು ಹುಟ್ಟಿದ ಜಾಗ ಮಾತ್ರ ಹಾಗೆಯೇ ಇರುತ್ತದೆ.

ಬೇರೆ ಕಾರಣಗಳೂ ಇವೆ, ಡಾಕ್ಟರು ಅವನ್ನು ಒಂದೊಂದಾಗಿ ತಳ್ಳಿಹಾಕುತ್ತಾರೆ. ಎಎಫ್ ಇರುವವರಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕೈಯ ರಕ್ತನಾಳವೇ ಕಟ್ಟಿದೆಯೇ ಎಂಬುದು. ಆಗ ಕೈ ತಣ್ಣಗಾಗಿ ಬಿಳಚಿಕೊಳ್ಳುತ್ತದೆ, ನೋಯುತ್ತದೆ, ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ. ಎರಡೂ ಕೈಗಳ ನಾಡಿ ಹಿಡಿದು ಹೋಲಿಸಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಅದೂ ಗಂಟೆಗಳ ಲೆಕ್ಕದ ತುರ್ತೇ, ತಡವಾದರೆ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು.

ಕೈ ಮೇಲೆ ಒರಗಿ ಮಲಗಿ ಜೋಮು ಹಿಡಿದಿದ್ದರೆ ಚುಮುಚುಮು ಇರುತ್ತದೆ, ಕೊಡವಿದರೆ ಇಳಿಯುತ್ತದೆ. ತೋಳಿನ ನರ ಅದುಮಿ ಪೆಟ್ಟಾಗಿದ್ದರೆ ಮಣಿಕಟ್ಟು ಜೋತುಬೀಳುತ್ತದೆ, ಹೆಬ್ಬೆರಳಿನ ಬುಡದ ಹಿಂಬದಿ ಮರಗಟ್ಟುತ್ತದೆ, ಹತ್ತು ನಿಮಿಷದಲ್ಲಿ ಹೋಗುವುದಿಲ್ಲ. ಫಿಟ್ಸ್ ಆದರೆ ಕೈ ಎಳೆದೆಳೆದು ಅದುರುತ್ತದೆ. ಮೈಗ್ರೇನ್‌ನಲ್ಲಿ ಚುಮುಚುಮು ಬೆರಳಿನಿಂದ ನಿಧಾನವಾಗಿ ಮೇಲಕ್ಕೆ ಹರಿಯುತ್ತದೆ. ರಕ್ತದ ಸಕ್ಕರೆ ಇಳಿದರೂ ಒಂದೇ ಪಕ್ಕ ಬಲ ಕುಂದಬಹುದು, ಅದಕ್ಕೇ ಬಂದವರ ಬೆರಳಿಗೆ ಮೊದಲು ಸೂಜಿ ಚುಚ್ಚಿ ನೋಡುತ್ತಾರೆ.

ವಯಸ್ಸಾದವರಲ್ಲಿ ಇನ್ನೊಂದು ಸಂಗತಿ ಕಣ್ತಪ್ಪಿ ಹೋಗುತ್ತದೆ. ಮಿದುಳಿನ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂತು ನಾಳ ದುರ್ಬಲವಾಗಿದ್ದರೆ, ಮೇಲ್ಮೈಯಲ್ಲಿ ಒಸರುವ ಚೂರು ರಕ್ತವೂ ಇಂಥದೇ ಕ್ಷಣಿಕ ಲಕ್ಷಣ ಕೊಡುತ್ತದೆ. ಹೊರಗಿನಿಂದ ಟಿಐಎಯಂತೆಯೇ ಕಂಡರೂ ಚಿಕಿತ್ಸೆ ತದ್ವಿರುದ್ಧ. ಎಂಆರ್‌ಐ ಮಾಡುವಾಗ ರಕ್ತದ ಕುರುಹು ತೋರಿಸುವ ಚಿತ್ರಗಳನ್ನೂ ತೆಗೆದಿದ್ದಾರೆಯೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನೊಂದು ಮಾತು. ಕಣ್ಣು ಮುಚ್ಚಿ, ಅಂಗೈ ಮೇಲಾಗಿಸಿ, ಎರಡೂ ಕೈ ಮುಂದಕ್ಕೆ ಚಾಚಿ 10 ಸೆಕೆಂಡ್ ಹಿಡಿದಾಗ ಒಂದು ಕೈ ಕೆಳಗಿಳಿದರೆ ಅಥವಾ ಅಂಗೈ ಒಳಕ್ಕೆ ತಿರುಗಿದರೆ ಬಲ ಇನ್ನೂ ಪೂರ್ತಿ ಮರಳಿಲ್ಲ ಎಂದರ್ಥ. ಆಸ್ಪತ್ರೆಯವರಿಗೆ ಹಾಗೆಂದು ಹೇಳಿ. ಕೈ ಅಲುಗದೆ ನಿಂತರೂ ಹೋಗುವುದು ತಪ್ಪುವುದಿಲ್ಲ.

ಔಷಧಿಕಪಾಟು

ಡೋಸ್ ನೋಡಿ ಬರೆಯುತ್ತಿದ್ದೇನೆ. ಎಎಫ್‌ಗೆ ಅಪಿಕ್ಸಬಾನ್‌ನ ಪೂರ್ಣ ಡೋಸ್ 5 ಮಿ.ಗ್ರಾಂ, ದಿನಕ್ಕೆರಡು ಸಲ. 2.5ಕ್ಕೆ ಇಳಿಸಲು ಮೂರರಲ್ಲಿ ಕನಿಷ್ಠ ಎರಡು ಇರಬೇಕು: ವಯಸ್ಸು 80 ಅಥವಾ ಹೆಚ್ಚು, ತೂಕ 60 ಕೆ.ಜಿ. ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು. ನೀವು ಕೊಟ್ಟ ಅಂಕಿಗಳಲ್ಲಿ ಒಂದೂ ಇಲ್ಲ. ಮೂತ್ರಪಿಂಡದ ತೀವ್ರ ತೊಂದರೆ, ಜೊತೆಗೆ ನಡೆಯುತ್ತಿರುವ ಇನ್ನೊಂದು ಔಷಧಿ, ಹಿಂದಿನ ರಕ್ತಸ್ರಾವ, ಇಂಥ ಕಾರಣ ಏನಾದರೂ ಇದೆಯೇ ಎಂದು ಬರೆದುಕೊಟ್ಟವರನ್ನೇ ಕೇಳಬೇಕು. ಕಾರಣವಿಲ್ಲದೆ, "ವಯಸ್ಸಾಗಿದೆ, ಹುಷಾರಾಗಿರೋಣ" ಎಂದು ಅರ್ಧ ಡೋಸ್ ಕೊಡುವುದು ತುಂಬ ಸಾಮಾನ್ಯ. ಅದರಿಂದ ರಕ್ಷಣೆ ಕುಗ್ಗುತ್ತದೆ. ಹಾಗೆಂದು ಇವತ್ತು ಮನೆಯಲ್ಲಿ ಎರಡೆರಡು ನುಂಗಿಸಬೇಡಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತವಾದ ಮೇಲೆ ಡೋಸ್ ತಿದ್ದುವುದು ಡಾಕ್ಟರ ಕೆಲಸ.

ಡೋಸ್ ತಪ್ಪಿತ್ತೇ ಎಂಬುದನ್ನೂ ಎಣಿಸಿ ನೋಡಿ. ಪಟ್ಟಿಯಲ್ಲಿ ಉಳಿದ ಮಾತ್ರೆಗಳಿಗೂ ಕೊಂಡ ದಿನಾಂಕಕ್ಕೂ ತಾಳೆ ಹಾಕಿದರೆ ಸಾಕು. ಅಪಿಕ್ಸಬಾನ್‌ನ ಅರ್ಧಾಯುಷ್ಯ (ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಹೊತ್ತು) ಸುಮಾರು 12 ಗಂಟೆ, ಒಂದೆರಡು ಡೋಸ್ ಬಿಟ್ಟರೆ ರಕ್ಷಣೆ ಇಲ್ಲದ ಹೊತ್ತು ಹುಟ್ಟಿಕೊಳ್ಳುತ್ತದೆ. ಮರೆತದ್ದು ಅದೇ ದಿನ ನೆನಪಾದರೆ ಆಗಲೇ ತೆಗೆದುಕೊಳ್ಳಬೇಕು, ಮುಂದಿನ ಸಲ ಎರಡು ಸೇರಿಸಿ ನುಂಗಬಾರದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಝೆಪಿನ್ ಇದರ ಪ್ರಮಾಣವನ್ನು ರಕ್ತದಲ್ಲಿ ಇಳಿಸಿಬಿಡುತ್ತವೆ.

ಇದೇ ಎಳೆ ಓದುವ, ರಕ್ತ ಹೆಪ್ಪುಗಟ್ಟದಂತೆ ಬೇರೆ ಮಾತ್ರೆ ತೆಗೆದುಕೊಳ್ಳುವವರಿಗಾಗಿ: ರಿವರೋಕ್ಸಬಾನ್ 20 ಅಥವಾ 15 ಮಿ.ಗ್ರಾಂ ಊಟದ ಜೊತೆಗೇ ಆಗಬೇಕು, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಹೀರಿಕೊಳ್ಳುವುದಿಲ್ಲ. ಡಬಿಗಾಟ್ರಾನ್ ಕ್ಯಾಪ್ಸೂಲ್ ಬಿಚ್ಚಿ ಪುಡಿ ಕೊಡಬಾರದು, ಹಾಗೆ ಮಾಡಿದರೆ ರಕ್ತಕ್ಕೆ ಸೇರುವ ಪ್ರಮಾಣ ವಿಪರೀತ ಏರುತ್ತದೆ. ವಾರ್ಫರಿನ್‌ನವರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಸಾಮಾನ್ಯವಾಗಿ 2ರಿಂದ 3ರ ಒಳಗೆ. ಲೋಹದ ಕವಾಟ ಇದ್ದರೆ ಅಥವಾ ಮೈಟ್ರಲ್ ಕವಾಟ ಮಧ್ಯಮ ಇಲ್ಲವೇ ತೀವ್ರವಾಗಿ ಕಿರಿದಾಗಿದ್ದರೆ ವಾರ್ಫರಿನ್ನೇ, ಅಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಲ್ಲ.

ಹೊಂಗೆನೆರಳು

ಕರೆದೊಯ್ದೆವು, ದಾಖಲಿಸಿಕೊಂಡಿದ್ದಾರೆ. ಸಿಟಿಯಲ್ಲಿ ಏನೂ ಇಲ್ಲ, ಎಂಆರ್‌ಐಯಲ್ಲಿ ಎಡಗಡೆ ಹೊಸದಾದ ಒಂದು ಸಣ್ಣ ಚುಕ್ಕೆ, ರಕ್ತಸ್ರಾವದ ಗುರುತಿಲ್ಲ. ಡೋಸ್ ವಿಷಯ ಎತ್ತಿದೆವು, 5 ಮಿ.ಗ್ರಾಂಗೆ ಬದಲಿಸುತ್ತಾರಂತೆ. ಒಂದು ಗೊಂದಲ: ಇಸಿಜಿಯಲ್ಲಿ ಮಿಡಿತ ಕ್ರಮವಾಗಿಯೇ ಇದೆ. ಹಾಗಾದರೆ ಇದು ಎಎಫ್‌ನಿಂದಲೇ ಆದದ್ದೇ?

ನರಮಾರ್ಗ

ಹೊತ್ತಿಗೆ ಸರಿಯಾಗಿ ಹೋದಿರಿ, ಒಳ್ಳೆಯದಾಯಿತು. ಎಂಆರ್‌ಐಯಲ್ಲಿ ಹೊಸ ಚುಕ್ಕೆ ಇದ್ದರೆ ಈಗಿನ ವ್ಯಾಖ್ಯೆಯಂತೆ ಅದು ಟಿಐಎ ಅಲ್ಲ, ಸಣ್ಣ ಸ್ಟ್ರೋಕ್. ಲಕ್ಷಣ ಹತ್ತೇ ನಿಮಿಷ ಇದ್ದರೂ ಲೆಕ್ಕ ಅದೇ.

ಮಿಡಿತ ಕ್ರಮವಾಗಿರುವುದು ಎಎಫ್ ಅನ್ನು ಬಿಡುಗಡೆ ಮಾಡುವುದಿಲ್ಲ. ಹೆಪ್ಪು ಕಟ್ಟಿದ್ದು ಹಿಂದೆ ಯಾವಾಗಲೋ ಗೊತ್ತಾಗದಂತೆ ಬಂದುಹೋದ ಎಎಫ್‌ನಲ್ಲಿ ಇರಬಹುದು. ಲಯ ಮರಳಿದ ಮೇಲೂ ಕೋಣೆಯ ಗೋಡೆ ಕೆಲ ದಿನ, ಕೆಲವೊಮ್ಮೆ ವಾರಗಟ್ಟಲೆ, ಮಂಕಾಗಿರುತ್ತದೆ. ಅದು ಮತ್ತೆ ಬಲವಾಗಿ ಹಿಂಡತೊಡಗಿದಾಗ ಹೆಪ್ಪು ಕಳಚಿಕೊಳ್ಳುವುದೂ ಉಂಟು. ಶಾಕ್ ಕೊಟ್ಟು ಲಯ ಸರಿಪಡಿಸಿದ ನಂತರವೂ ಕನಿಷ್ಠ 4 ವಾರ ಮಾತ್ರೆ ಮುಂದುವರಿಸುವುದು ಇದೇ ಕಾರಣಕ್ಕೆ.

ಆದರೂ ಎಎಫ್ ಇದೆ ಎಂದು ಹುಡುಕಾಟ ನಿಲ್ಲಬಾರದು. ಕತ್ತಿನ ರಕ್ತನಾಳದ ಸ್ಕ್ಯಾನ್ ಆಗಿದೆಯೇ ಕೇಳಿ. ಬಲಗೈ ಕೆಟ್ಟದ್ದರಿಂದ ಮುಖ್ಯವಾಗಿ ನೋಡಬೇಕಾದದ್ದು ಎಡಗಡೆಯ ನಾಳ. ಅಲ್ಲಿ ಶೇ. 50ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ, ಮಾಡುವುದಾದರೆ ಎರಡು ವಾರದೊಳಗೆ ಮಾಡಿದರೆ ಹೆಚ್ಚು ಲಾಭ. ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್ ಪರೀಕ್ಷೆ, ಕೊಲೆಸ್ಟ್ರಾಲ್ ಕೂಡ ಆಗಲಿ.

ಅಪಿಕ್ಸಬಾನ್ ಜೊತೆಗೆ ಆಸ್ಪಿರಿನ್ ಸೇರಿಸೋಣ ಎಂದು ಯಾರಾದರೂ ಹೇಳಿದರೆ ಕಾರಣ ಕೇಳಿ. ಕತ್ತಿನ ನಾಳದ ಕಾಯಿಲೆ, ಹೊಸ ಸ್ಟೆಂಟ್‌ನಂಥ ಪ್ರತ್ಯೇಕ ಕಾರಣ ಇಲ್ಲದೆ ಎರಡನ್ನೂ ಕೊಟ್ಟರೆ ಸ್ಟ್ರೋಕ್ ತಡೆಯುವುದಕ್ಕಿಂತ ರಕ್ತಸ್ರಾವವೇ ಹೆಚ್ಚುತ್ತದೆ. ಹಲ್ಲು ಕೀಳಿಸಲು, ಕಣ್ಣಿನ ಆಪರೇಷನ್‌ಗೆ ಎಂದು ತಾವಾಗಿ ಮಾತ್ರೆ ನಿಲ್ಲಿಸುವುದೂ ಬೇಡ. ಹಲವು ಸಣ್ಣ ಚಿಕಿತ್ಸೆಗಳಿಗೆ ನಿಲ್ಲಿಸಬೇಕಾಗಿಲ್ಲ, ನಿಲ್ಲಿಸಲೇಬೇಕಾದರೆ ಎಷ್ಟು ಡೋಸ್ ಬಿಡಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಎಂಬುದನ್ನು ಬರಹದಲ್ಲೇ ಪಡೆಯಿರಿ.

ವಾಹನ ಓಡಿಸುವ ನಿಯಮ ದೇಶದಿಂದ ದೇಶಕ್ಕೆ ಬೇರೆ, ಬಿಡುಗಡೆಯ ದಿನ ಕೇಳಿಕೊಳ್ಳಿ. ಮತ್ತೆ ಇಂಥದೇ ಆದರೆ, ಒಂದೇ ನಿಮಿಷವಿದ್ದರೂ, ಗಡಿಯಾರ ನೋಡಿ ಸಮಯ ಗುರುತು ಹಾಕಿಕೊಳ್ಳಿ, ಆಂಬ್ಯುಲೆನ್ಸ್ ಕರೆಯಿರಿ. ಅದು ಬರುವಷ್ಟರಲ್ಲಿ ಕೈಯ ಚಲನೆಯನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟರೆ, ಲಕ್ಷಣ ಮಾಯವಾದ ಮೇಲೂ ಡಾಕ್ಟರಿಗೆ ನೋಡಲು ಏನಾದರೂ ಉಳಿದಿರುತ್ತದೆ.